ಐನೂರು ಬಲೂನು, ಅಗ್ಗದ ಗ್ಯಾಸು ಮತ್ತು ಹಿಂಡೆನ್‌ಬರ್ಗ್‌ನ ಬಣ್ಣ

ಪ್ರಶ್ನೆ: ನನ್ನ ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಜನವರಿಯಲ್ಲಿ ಅವಳ ಶಾಲೆಯ ವಾರ್ಷಿಕೋತ್ಸವ. ಬಲೂನು ಮತ್ತು ವಾಯುನೌಕೆಗಳ ಚರಿತ್ರೆಯನ್ನು ಮಕ್ಕಳು ರೂಪಕವಾಗಿ ಆಡುತ್ತಾರೆ. ಅದು ಮುಗಿದ ಕೂಡಲೇ ಅತಿಥಿಗಳ ಕೈಯಿಂದ ಐನೂರು ಗ್ಯಾಸ್ ಬಲೂನುಗಳನ್ನು ಹಾರಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಗುತ್ತಿಗೆ ಹಿಡಿದವರು ‘ಹೀಲಿಯಂ’ ಎನ್ನುತ್ತಾರೆ. ಆದರೆ ಬೇರೆ ಕಡೆ ವಿಚಾರಿಸಿದ ಹೀಲಿಯಂ ದರದ ಕಾಲುಭಾಗವೂ ಅವರು ಕೇಳುತ್ತಿಲ್ಲ. ಹೈಡ್ರೋಜನ್ ಇರಬಹುದೇ ಎಂದು ಸಭೆಯಲ್ಲಿ ಕೇಳಿದೆ. ಹಿರಿಯರೊಬ್ಬರು, ‘ಹಿಂಡೆನ್‌ಬರ್ಗ್ ಸುಟ್ಟಿದ್ದು ಮೈಗೆ ಬಳಿದ ಬಣ್ಣದಿಂದ, ಹೈಡ್ರೋಜನ್‌ನಿಂದಲ್ಲ ಎಂದು ಈಗ ಸಾಬೀತಾಗಿದೆ. ಅಲ್ಲದೆ ನಮ್ಮದು ತೆರೆದ ಮೈದಾನ, ಗ್ಯಾಸು ಸೋರಿದರೂ ಮೇಲೆ ಹೋಗುತ್ತದೆ’ ಎಂದರು. ಉಳಿದವರು ನಕ್ಕರು. ನನ್ನ ಹೆದರಿಕೆ ಅತಿಯಾಯಿತೇ? ಬಲೂನೇ ಬೇಡವೆಂದರೆ ಮಕ್ಕಳ ಮುಖ ಬಾಡುತ್ತದೆ.
ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಹೆದರಿಕೆ ಅತಿಯಾಗಿಲ್ಲ, ನೀವು ಕೇಳಿದ ಪ್ರಶ್ನೆಯೂ ಸರಿಯಾದದ್ದೇ. ಕೈಗಾರಿಕೆಗಳಿಗೆ ಗ್ಯಾಸ್ ತುಂಬಿಕೊಡುವ ಘಟಕಗಳಲ್ಲಿ ಸುರಕ್ಷತೆಯ ಹೊಣೆ ಹೊತ್ತು ದುಡಿದವನು ನಾನು. ಬಲೂನಿನ ವಿಷಯ ಬಂದಾಗಲೆಲ್ಲ ಹಿಂಡೆನ್‌ಬರ್ಗ್ ಎಂಬ ಜರ್ಮನ್ ವಾಯುನೌಕೆಯ ಹೆಸರು ಬಂದೇ ಬರುತ್ತದೆ. ಒಬ್ಬರು ಅದನ್ನು ಹೆದರಿಸಲು ಬಳಸಿದರೆ ಇನ್ನೊಬ್ಬರು ಧೈರ್ಯ ಹೇಳಲು ಬಳಸುತ್ತಾರೆ. ನಿಮ್ಮ ಸಮಿತಿಯ ಹಿರಿಯರು ಅದನ್ನೇ ಗುರಾಣಿ ಮಾಡಿಕೊಂಡಿರುವುದರಿಂದ ಮೊದಲು ಅಲ್ಲಿಂದಲೇ ಶುರು ಮಾಡುತ್ತೇನೆ.

1937ರ ಮೇ 6ರ ಸಂಜೆ. ಅಮೆರಿಕದ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್. 245 ಮೀಟರ್ ಉದ್ದದ ಜರ್ಮನ್ ವಾಯುನೌಕೆ, ಅದರ ಹದಿನಾರು ಚೀಲಗಳಲ್ಲಿ ಸುಮಾರು ಎರಡು ಲಕ್ಷ ಘನ ಮೀಟರ್ ಹೈಡ್ರೋಜನ್. ಗುಡುಗು ಮಳೆಯಿಂದ ತಡವಾಗಿ ಇಳಿಯುತ್ತಿತ್ತು. ಬಾಲದ ಕಡೆ ಭಾರವಾಗಿ ಜಗ್ಗುತ್ತಿತ್ತು. ಹಗ್ಗಗಳನ್ನು ಕೆಳಗೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಮೇಲ್ಭಾಗದ ರೆಕ್ಕೆಯ ಬಳಿ ಬೆಂಕಿ ಕಾಣಿಸಿತು, ಅರ್ಧ ನಿಮಿಷದ ಆಸುಪಾಸಿನಲ್ಲಿ ಇಡೀ ನೌಕೆ ನೆಲಕ್ಕೆ ಕುಸಿಯಿತು. ಒಳಗಿದ್ದ 97 ಮಂದಿಯಲ್ಲಿ 35 ಮಂದಿ, ನೆಲದ ಮೇಲಿದ್ದ ಒಬ್ಬ ಕೆಲಸಗಾರ ಸತ್ತರು. 62 ಮಂದಿ ಬದುಕಿದರು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅಮೆರಿಕ ಮತ್ತು ಜರ್ಮನಿ ಎರಡೂ ತನಿಖೆ ನಡೆಸಿದವು. ಸೋರಿದ ಹೈಡ್ರೋಜನ್ ಗಾಳಿಯೊಡನೆ ಬೆರೆತು, ಸ್ಥಾಯಿ ವಿದ್ಯುತ್ತಿನಿಂದ ಹೊತ್ತಿಕೊಂಡಿತು ಎಂಬುದೇ ಎರಡರ ಸಾರ. ಯಾವ ಚೀಲ ಏಕೆ ಸೋರಿತು, ಕಿಡಿ ನಿಖರವಾಗಿ ಎಲ್ಲಿ ಹಾರಿತು ಎಂಬ ಚರ್ಚೆ ಮಾತ್ರ ಇಂದಿಗೂ ಮುಗಿದಿಲ್ಲ.

ಬಣ್ಣದ ವಾದ ಬಂದದ್ದು 1990ರ ದಶಕದಲ್ಲಿ. ನಾಸಾದಲ್ಲಿ ಹೈಡ್ರೋಜನ್ ಕೆಲಸ ನೋಡಿಕೊಂಡು ನಿವೃತ್ತರಾಗಿದ್ದ ಅಡಿಸನ್ ಬೇನ್ ಅದನ್ನು ಮಂಡಿಸಿದರು. ನೌಕೆಯ ಬಟ್ಟೆಗೆ ಬಳಿದ ಲೇಪದಲ್ಲಿ ಅಲ್ಯೂಮಿನಿಯಂ ಪುಡಿಯೂ ಕಬ್ಬಿಣದ ಆಕ್ಸೈಡ್ ಕೂಡ ಇದ್ದದ್ದು ನಿಜ. ಇವೆರಡೂ ತಕ್ಕ ಪ್ರಮಾಣದಲ್ಲಿ ಬೆರೆತರೆ ರೈಲು ಹಳಿ ಬೆಸೆಯುವಷ್ಟು ಉಗ್ರವಾಗಿ ಉರಿಯುತ್ತವೆ ಎಂಬುದೂ ನಿಜ. ಹೈಡ್ರೋಜನ್ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲವೆನ್ನಬೇಕು, ಆದರೆ ಅಂದು ನೋಡಿದವರಿಗೆ ಕಂಡದ್ದು ಧಗಧಗಿಸುವ ಬೆಂಕಿ. ವಾದ ಜನರ ಮನಸ್ಸಿನಲ್ಲಿ ಕೂತದ್ದು ಇದರಿಂದಲೇ. ಆದರೆ ನೌಕೆಯ ಮೇಲೆ ಆ ಎರಡು ಪುಡಿಗಳು ತಕ್ಕ ಪ್ರಮಾಣದಲ್ಲಿರಲಿಲ್ಲ. ಬಟ್ಟೆಯನ್ನಷ್ಟೇ ಸುಟ್ಟು ನೋಡಿದವರಿಗೆ, ಅದು ಹತ್ತಿಕೊಂಡರೂ ನಿಧಾನವಾಗಿ ಉರಿಯುತ್ತದೆಂದು ತಿಳಿಯಿತು. ಆ ವೇಗದಲ್ಲಾದರೆ ಅಷ್ಟು ದೊಡ್ಡ ಮೈ ಉರಿದು ಮುಗಿಯಲು ಗಂಟೆಗಟ್ಟಲೆ ಬೇಕು. ಬೆಂಕಿಗೆ ಬಣ್ಣ ಕೊಟ್ಟದ್ದು ಬಟ್ಟೆ ಮತ್ತು ಲೇಪ, ಅರ್ಧ ನಿಮಿಷದಲ್ಲಿ ಮುಗಿಸಿದ್ದು ಹೈಡ್ರೋಜನ್.

ಇಷ್ಟು ರಸಾಯನಶಾಸ್ತ್ರವೂ ಬೇಡ, ಚರಿತ್ರೆಯೇ ಸಾಕು. ಮೊದಲ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಂದ ಜರ್ಮನ್ ವಾಯುನೌಕೆಗಳು ಬೆಂಕಿಗುಂಡು ತಾಗಿ ಆಕಾಶದಲ್ಲೇ ಉರಿದವು. 1930ರ ಅಕ್ಟೋಬರ್ 5ರಂದು ಬ್ರಿಟನ್ನಿನ ಆರ್-101 ಫ್ರಾನ್ಸಿನ ಬೋವೆ ಬಳಿ ಗುಡ್ಡಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು, 54 ಮಂದಿಯಲ್ಲಿ 48 ಮಂದಿ ಸತ್ತರು. ಅದು ಹೊರಟಿದ್ದು ನಮ್ಮ ಕಡೆಗೇ, ಆಗ ಭಾರತದಲ್ಲಿದ್ದ ಕರಾಚಿಗೆ. ಅದನ್ನು ನಿಲ್ಲಿಸಲೆಂದು ಅಲ್ಲಿ ದೈತ್ಯ ಶೆಡ್ ಕಟ್ಟಿ ಕಾದಿದ್ದರು. ಇವ್ಯಾವುವೂ ಹಿಂಡೆನ್‌ಬರ್ಗ್‌ನ ಬಣ್ಣ ಬಳಿದುಕೊಂಡಿರಲಿಲ್ಲ, ಎಲ್ಲವುಗಳ ಹೊಟ್ಟೆಯಲ್ಲಿದ್ದದ್ದು ಹೈಡ್ರೋಜನ್.

ಹಾಗೆಂದು ಹೈಡ್ರೋಜನ್ನನ್ನು ರಾಕ್ಷಸ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಗ್ರಾಫ್ ಜೆಪೆಲಿನ್ ಎಂಬ ನೌಕೆ ಇದೇ ಗ್ಯಾಸಿನಲ್ಲಿ 1928ರಿಂದ 1937ರವರೆಗೆ ಹದಿನಾರು ಲಕ್ಷ ಕಿಲೋಮೀಟರಿಗೂ ಮಿಗಿಲಾಗಿ ಹಾರಿತು. 1929ರಲ್ಲಿ ಭೂಮಿಯನ್ನೂ ಸುತ್ತಿ ಬಂತು. ಒಬ್ಬ ಪ್ರಯಾಣಿಕನಿಗೂ ಪೆಟ್ಟಾಗಲಿಲ್ಲ. ನಮ್ಮ ಹವಾಮಾನ ಇಲಾಖೆ ಬೆಳಗಿನ ಮತ್ತು ಸಂಜೆಯ ಐದೂವರೆಯ ಲೆಕ್ಕಕ್ಕೆ ದೇಶದ ಹಲವು ಕೇಂದ್ರಗಳಿಂದ ಹೈಡ್ರೋಜನ್ ಬಲೂನುಗಳಲ್ಲಿ ಉಪಕರಣ ಕಟ್ಟಿ ಹಾರಿಸುತ್ತದೆ. ಅವು ಸುಮಾರು ಮೂವತ್ತು ಕಿಲೋಮೀಟರ್ ಏರಿ, ಉಬ್ಬಿ, ಒಡೆಯುತ್ತವೆ. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಇನ್ನೂ ದೊಡ್ಡ ಬಲೂನುಗಳಿಗೆ ಇದನ್ನೇ ತುಂಬುತ್ತದೆ. ಆದರೆ ಅಲ್ಲಿ ತುಂಬುವ ಜಾಗ ಬೇರೆ, ಅಲ್ಲಿ ನಿಲ್ಲುವವರು ಕಲಿತವರು, ಸುತ್ತ ಬೆಂಕಿಯ ಸುಳಿವಿಲ್ಲ, ಲೋಹದ ಭಾಗಗಳನ್ನೆಲ್ಲ ನೆಲಕ್ಕೆ ಜೋಡಿಸಿರುತ್ತಾರೆ. ಎರಡನೆಯ ತರಗತಿಯ ಮಕ್ಕಳು ಬಲೂನಿನ ದಾರ ಹಿಡಿದು ಸಾಲಾಗಿ ನಿಂತಿರುವುದಿಲ್ಲ.

ಈಗ ನಿಮ್ಮ ಮೈದಾನ. ಹೈಡ್ರೋಜನ್ ಹಗುರ, ಸೋರಿದ್ದು ಬೇಗ ಮೇಲೆ ಹೋಗುತ್ತದೆ ಎಂಬ ಹಿರಿಯರ ಮಾತು ಸುಳ್ಳಲ್ಲ. ಬಾಗಿಲು ಮುಚ್ಚಿದ ಕೋಣೆಗಿಂತ ಬಯಲು ವಾಸಿ. ಆದರೆ ನಿಮ್ಮ ಅಪಾಯ ಸೋರಿ ಹೋದ ಗ್ಯಾಸಿನದಲ್ಲ, ರಬ್ಬರಿನೊಳಗೆ ಕಟ್ಟಿ ಮಕ್ಕಳ ತಲೆಯ ಮೇಲೆ ಒಂದು ಮೊಳದಲ್ಲಿ ನಿಲ್ಲಿಸಿದ ಗ್ಯಾಸಿನದು. ಸಾಮಾನ್ಯ ಅಳತೆಯ ಒಂದು ಬಲೂನಿಗೆ ಸುಮಾರು 14 ಲೀಟರ್ ಹಿಡಿಯುತ್ತದೆ. ಐನೂರಕ್ಕೆ ಏಳು ಸಾವಿರ ಲೀಟರ್. ಅದರಲ್ಲಿರುವ ಶಕ್ತಿ ಎರಡು ಲೀಟರಿಗೂ ಹೆಚ್ಚು ಪೆಟ್ರೋಲಿನದು, ಬಿಡುಗಡೆಯಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಗೊಂಚಲಿನಲ್ಲಿ ಒಂದಕ್ಕೆ ಹತ್ತಿದರೆ ಪಕ್ಕದ್ದಕ್ಕೆ ಹತ್ತದೆ ಇರುವುದಿಲ್ಲ. ಮುಖ, ಕೂದಲು, ಕೈ ಮೊದಲು ಸುಡುತ್ತವೆ. ಉರಿಯುವ ರಬ್ಬರ್ ಚೂರು ಮೈಗೆ ಅಂಟಿಕೊಂಡರೆ ಗಾಯ ಇನ್ನೂ ಆಳ. 2020ರ ಸೆಪ್ಟೆಂಬರಿನಲ್ಲಿ ಚೆನ್ನೈನ ಸಮಾರಂಭವೊಂದರಲ್ಲಿ ಹೀಗೆಯೇ ಆಯಿತು. ಹೊರಗಡೆಯೇ, ಪಟಾಕಿಯ ಕಿಡಿಯಿಂದ ಬಲೂನುಗಳ ಗೊಂಚಲು ಹೊತ್ತಿಕೊಂಡು ಹಲವರಿಗೆ ಸುಟ್ಟಗಾಯಗಳಾದವು.

ಪಟಾಕಿ ಹಚ್ಚದಿದ್ದರೆ ಆಯಿತಲ್ಲ ಎನ್ನಬಹುದು. ಹೈಡ್ರೋಜನ್ ಹೊತ್ತಿಕೊಳ್ಳಲು ಬೇಕಾದ ಶಕ್ತಿ ಒಂದು ಮಿಲಿಜೂಲಿನ ಐವತ್ತನೆಯ ಒಂದು ಭಾಗದಷ್ಟು. ಅಡುಗೆ ಅನಿಲಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೇಕು. ನೈಲಾನ್ ಸೀರೆಯುಟ್ಟವರು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಹಿಡಿ ಮುಟ್ಟಿದಾಗ ಬೆರಳಿಗೆ ಚುರುಕ್ ಎನ್ನುವ ಕಿಡಿಯೇ ಸಾಕು, ಹೆಚ್ಚೂ ಆಯಿತು. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಎಷ್ಟು ಬೆರೆತಿದ್ದರೂ ಅದು ಉರಿಯುತ್ತದೆ, ಇಷ್ಟು ವಿಶಾಲ ವ್ಯಾಪ್ತಿಯ ಇಂಧನಗಳು ವಿರಳ. ಜನವರಿಯ ಒಣ ಹವೆಯಲ್ಲಿ ಸ್ಥಾಯಿ ವಿದ್ಯುತ್ ಹೆಚ್ಚು. ನಿಮ್ಮ ಮಕ್ಕಳು ತೊಡುವ ಮಿಂಚುವ ನೃತ್ಯದ ಉಡುಪುಗಳೂ ಬಹುಪಾಲು ಕೃತಕ ನೂಲಿನವು. ಬಲೂನು ಬಲೂನಿಗೆ ಉಜ್ಜಿದರೂ ವಿದ್ಯುದಂಶ ಸೇರುತ್ತದೆ. ಇದೆಲ್ಲಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ದೀಪ ಬೆಳಗದೆ ಸಮಾರಂಭವೇ ಆರಂಭವಾಗುವುದಿಲ್ಲ. ಆಳೆತ್ತರದ ದೀಪಕಂಬದ ಐದು ಬತ್ತಿಗಳ ಮೇಲೆಯೇ ವೇದಿಕೆಯ ಕಮಾನಿಗೆ ಗ್ಯಾಸ್ ಬಲೂನು ಕಟ್ಟಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ನೋಡಿದ್ದೇನೆ.

ಬೆಂಕಿ ಮತ್ತು ಹೈಡ್ರೋಜನ್ನನ್ನು ಒಂದೇ ಚಪ್ಪರದಡಿ ತಂದ ಮೊದಲಿಗರಲ್ಲಿ ಒಬ್ಬ ಪಿಲಾತ್ರ್ ದ ರೋಜಿಯೆ. 1783ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಮಾಂಗೋಲ್ಫಿಯೆ ಸೋದರರ ಬಿಸಿಗಾಳಿ ಬಲೂನಿನಲ್ಲಿ ಜೊತೆಗಾರನೊಬ್ಬನೊಡನೆ ಹಾರಿ, ಕಟ್ಟಿಲ್ಲದ ಬಲೂನಿನಲ್ಲಿ ಆಕಾಶಕ್ಕೇರಿದ ಮೊದಲ ಮನುಷ್ಯನೆನಿಸಿಕೊಂಡವನು. ಇಂಗ್ಲಿಷ್ ಕಡಲ್ಗಾಲುವೆ ದಾಟಬೇಕೆಂದು ಮೇಲೊಂದು ಹೈಡ್ರೋಜನ್ ಬಲೂನು, ಅದರ ಕೆಳಗೆ ಬೆಂಕಿ ಹೊತ್ತಿಸಿದ ಬಿಸಿಗಾಳಿ ಬಲೂನು ಜೋಡಿಸಿದ. 1785ರ ಜೂನ್ 15ರಂದು ಅದು ಹೊತ್ತಿಕೊಂಡು ಬಿದ್ದು, ಅವನೂ ಅವನ ಜೊತೆಗಾರನೂ ಸತ್ತರು. ಬಲೂನು ಹಾರಾಟದಲ್ಲಿ ಸತ್ತ ಮೊದಲಿಗರು ಅವರೇ. ಆ ಜೋಡಿ ವಿನ್ಯಾಸ ಮಾತ್ರ ಸಾಯಲಿಲ್ಲ. ಮೇಲಿನ ಗ್ಯಾಸನ್ನು ಹೀಲಿಯಂಗೆ ಬದಲಿಸಿ, 1999ರಲ್ಲಿ ಇಬ್ಬರು ಅದೇ ಬಗೆಯ ಬಲೂನಿನಲ್ಲಿ ಎಲ್ಲೂ ಇಳಿಯದೆ ಭೂಮಿ ಸುತ್ತಿದರು.

ಹೀಲಿಯಂ ಉರಿಯುವುದಿಲ್ಲ. ಎತ್ತುವ ಬಲದಲ್ಲಿ ಹೈಡ್ರೋಜನ್‌ಗಿಂತ ಶೇ 7-8ರಷ್ಟು ಮಾತ್ರ ಕಡಿಮೆ. ಮತ್ತೇಕೆ ಎಲ್ಲರೂ ಅದನ್ನೇ ಬಳಸುವುದಿಲ್ಲ? ಅದನ್ನು ತಯಾರಿಸಲು ಬರುವುದಿಲ್ಲ, ನೈಸರ್ಗಿಕ ಅನಿಲದ ಕೆಲವು ಬಾವಿಗಳಲ್ಲಿ ಸಿಕ್ಕಿದ್ದನ್ನು ಬೇರ್ಪಡಿಸಬೇಕು. ಹಿಂಡೆನ್‌ಬರ್ಗ್ ಕೂಡ ಹೀಲಿಯಂಗೆಂದೇ ರೂಪುಗೊಂಡಿತ್ತು, ಆಗ ಅದು ದಂಡಿಯಾಗಿದ್ದ ಅಮೆರಿಕ ರಫ್ತಿಗೆ ಕಾನೂನಿನ ತಡೆ ಹಾಕಿತ್ತು. ಈ ಧಾತುವಿನ ಸುಳಿವು ಮೊದಲು ಸಿಕ್ಕಿದ್ದು ನಮ್ಮ ನೆರೆಯಲ್ಲೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಸೂರ್ಯನ ಅಂಚಿನ ಬೆಳಕಿನ ರೇಖೆಗಳನ್ನು ಗುರುತಿಸಿದ. ಅವುಗಳಲ್ಲಿದ್ದ ಹಳದಿ ಗೆರೆ ಹೊಸ ಧಾತುವಿನದೆಂದು ಇಂಗ್ಲೆಂಡಿನ ಲಾಕಿಯರ್ ಹೇಳಿದ. ಭೂಮಿಯ ಮೇಲೆ ಅದು ಕೈಗೆ ಸಿಗಲು 1895 ಬರಬೇಕಾಯಿತು. ಇಂದು ಭಾರತ ತನಗೆ ಬೇಕಾದ ಹೀಲಿಯಂ ಅನ್ನು ಹೆಚ್ಚುಕಡಿಮೆ ಪೂರ್ತಿ ಆಮದು ಮಾಡಿಕೊಳ್ಳುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತವನ್ನು ತಣ್ಣಗಿಡುವುದೂ ಇದೇ. ಹಾಗಾಗಿ ಬೆಲೆ ಸದಾ ಏರುಮುಖ. ಬಲೂನಿಗೆ ಕಾಲುಭಾಗ ದರ ಹೇಳುವವರು ಧರ್ಮಕ್ಕೆ ವ್ಯಾಪಾರ ಮಾಡುತ್ತಿಲ್ಲ.

ಹೀಲಿಯಂ ಎಂದರೆ ಎಲ್ಲವೂ ಕ್ಷೇಮ ಎಂಬುದೂ ಭ್ರಮೆ. ವಾಯುನೌಕೆಗಳ ಚರಿತ್ರೆಯ ಅತಿ ದೊಡ್ಡ ಸಾವಿನ ಲೆಕ್ಕ ಹಿಂಡೆನ್‌ಬರ್ಗ್‌ನದಲ್ಲ. 1933ರ ಏಪ್ರಿಲ್ 4ರಂದು ಬಿರುಗಾಳಿಗೆ ಸಿಕ್ಕಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಅಮೆರಿಕ ನೌಕಾಪಡೆಯ ಏಕ್ರನ್‌ನಲ್ಲಿ 73 ಮಂದಿ ಸತ್ತರು, ಅದರಲ್ಲಿ ತುಂಬಿದ್ದು ಹೀಲಿಯಂ. ಆದರೆ ಕ್ಯಾಮೆರಾ ಅಲ್ಲಿರಲಿಲ್ಲ, ಲೇಕ್‌ಹರ್ಸ್ಟ್‌ನಲ್ಲಿ ಇತ್ತು.

ನಿಮ್ಮ ಗುತ್ತಿಗೆದಾರರು ತರುವುದು ಯಾವುದೆಂದು ತಿಳಿಯುವುದು ಹೇಗೆ? ದಯವಿಟ್ಟು ಬೆಂಕಿಕಡ್ಡಿ ಗೀರಿ ಪರೀಕ್ಷಿಸಬೇಡಿ, ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಉಸಿರೆಳೆದು ಧ್ವನಿ ಕೀರಲಾಗುತ್ತದೆಯೇ ಎಂದು ನೋಡುವುದೂ ಬೇಡ, ಎರಡೂ ಗ್ಯಾಸುಗಳಲ್ಲಿ ಆಗುತ್ತದೆ. ಸಿಲಿಂಡರನ್ನೇ ನೋಡಿ. ನಮ್ಮ ದೇಶದ ಮಾನದಂಡದಲ್ಲಿ ಹೈಡ್ರೋಜನ್ ಸಿಲಿಂಡರಿಗೆ ಕೆಂಪು, ಹೀಲಿಯಂಗೆ ಕಂದು ಬಣ್ಣ. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು, ಆದ್ದರಿಂದ ಕವಾಟ ನೋಡಿ: ಉರಿಯುವ ಗ್ಯಾಸಿನ ಕವಾಟಕ್ಕೆ ಎಡಸುತ್ತಿನ ತಿರುಪು, ಹೀಲಿಯಂಗೆ ಎಲ್ಲ ನಟ್ಟುಗಳಂತೆ ಬಲಸುತ್ತು. ಹೆಗಲ ಮೇಲೆ ಕೆತ್ತಿದ ಪರೀಕ್ಷೆಯ ದಿನಾಂಕ ಇರಬೇಕು. ಯಾವ ಗ್ಯಾಸ್ ಕಂಪನಿ ತುಂಬಿತು, ಯಾವಾಗ ಎಂಬ ಬಿಲ್ ಕೇಳಿ. ಹೀಲಿಯಂ ಕೊಂಡವರ ಬಳಿ ಬಿಲ್ ಇಲ್ಲದಿರುವುದಿಲ್ಲ, ಅಷ್ಟು ಹಣ ಕೊಟ್ಟಿರುತ್ತಾರೆ.

ಇನ್ನೊಂದು ಬಗೆಯ ಸಿಲಿಂಡರ್ ಇದೆ, ಅದು ನಿಮ್ಮ ಶಾಲೆಯ ಗೇಟಿನೊಳಗೆ ಬರಲೇಬಾರದು. ಜಾತ್ರೆಗಳಲ್ಲಿ ಅದನ್ನು ಹತ್ತಿರ ನಿಂತು ನೋಡಿದ್ದೇನೆ. ಬೇರೇನಕ್ಕೋ ಬಳಸಿ ಬಿಸಾಡಿದ ಹಳೆಯ ಸಿಲಿಂಡರ್, ಕತ್ತಿನ ಬಳಿ ಬೆಸುಗೆಯ ಗಂಟುಗಳು, ಮೇಲೊಂದು ಅಗಲ ಬಾಯಿಯ ಮುಚ್ಚಳ, ಒತ್ತಡ ತೋರಿಸುವ ಮೀಟರ್ ಇಲ್ಲ. ಮೈಗೆ ಒದ್ದೆ ಗೋಣಿ ಸುತ್ತಿ, ಆಗಾಗ ನೀರು ಚಿಮುಕಿಸುತ್ತಾರೆ, ಗೋಣಿಯಿಂದ ಹಬೆ ಏಳುತ್ತದೆ. ಒಳಗೆ ಅಲ್ಯೂಮಿನಿಯಂ ಚೂರು ಮತ್ತು ಕಾಸ್ಟಿಕ್ ಸೋಡಾ ಕುದಿಯುತ್ತಿರುತ್ತವೆ, ಹೈಡ್ರೋಜನ್ ಅಲ್ಲೇ ಹುಟ್ಟುತ್ತದೆ. ಕಾಸ್ಟಿಕ್ ಕಬ್ಬಿಣದ ಒಳಮೈಯನ್ನು ಹಾಳುಮಾಡುತ್ತದೆ, ಬಿಸಿ ಏರಿದಂತೆ ಗ್ಯಾಸು ಇನ್ನೂ ವೇಗವಾಗಿ ಹುಟ್ಟುತ್ತದೆ, ಒತ್ತಡಕ್ಕೆ ಲಂಗುಲಗಾಮಿಲ್ಲ. ಇದು ಸಿಡಿದರೆ ಬಲೂನಿನ ಬೆಂಕಿ ಅದರ ಮುಂದೆ ಏನೂ ಅಲ್ಲ. ಮೊದಲು ಬಲಿಯಾಗುವವನು ಪಕ್ಕದಲ್ಲೇ ಕೂತ ಬಲೂನಿನವನು. ಅವನ ಬೆರಳುಗಳ ಸಂದಿಯಲ್ಲಿ ಕಾಸ್ಟಿಕ್ ಸುಟ್ಟ ಬಿಳಿ ಕಲೆಗಳಿರುತ್ತವೆ. ಅವನನ್ನು ಗದರಿಸಿ ಓಡಿಸುವುದರಿಂದ ಪ್ರಯೋಜನವಿಲ್ಲ. ಕಾಲುಭಾಗ ದರಕ್ಕೆ ಹೂಂ ಎನ್ನುವ ನಾವು ಇರುವವರೆಗೆ ಅವನು ಆ ಸಿಲಿಂಡರಿನ ಪಕ್ಕದಲ್ಲೇ ಕೂತಿರುತ್ತಾನೆ.

ಹಾಗಾದರೆ ಏನು ಮಾಡಬಹುದು? ಹೈಡ್ರೋಜನ್ ಬಲೂನಿಗೆ ನನ್ನ ಉತ್ತರ ‘ಬೇಡ’ ಮಾತ್ರ, ಅದರಲ್ಲಿ ರಾಜಿಯಿಲ್ಲ. ಹೀಲಿಯಂ ಬೇಕೇ ಬೇಕೆಂದರೆ ಬಿಲ್ ಇರುವವರಿಂದ ತರಿಸಿ, ಐನೂರರ ಬದಲು ಐವತ್ತು ಸಾಕು. ಸಿಲಿಂಡರಿನಲ್ಲಿ ಗ್ಯಾಸು ವಾತಾವರಣದ ನೂರೈವತ್ತು ಪಟ್ಟು ಒತ್ತಡದಲ್ಲಿರುತ್ತದೆ, ಬಿದ್ದು ಕವಾಟ ಮುರಿದರೆ ಗೋಡೆಯನ್ನೂ ಒಡೆಯಬಲ್ಲದು. ಕಂಬಕ್ಕೆ ಸರಪಳಿ ಹಾಕಿ ನಿಲ್ಲಿಸಿ, ಬಿಸಿಲಿಗೆ ಇಡಬೇಡಿ. ದೊಡ್ಡ ಮಕ್ಕಳು ಧ್ವನಿ ಬದಲಿಸುವ ಆಟಕ್ಕೆ ನಳಿಕೆಗೆ ಬಾಯಿಡದಂತೆ ಒಬ್ಬರು ಕಾವಲಿರಲಿ. ಆ ಒತ್ತಡಕ್ಕೆ ಶ್ವಾಸಕೋಶ ಹರಿಯುತ್ತದೆ, ಬಲೂನಿನಿಂದ ಎಳೆದುಕೊಂಡರೂ ಆಮ್ಲಜನಕವಿಲ್ಲದೆ ಪ್ರಜ್ಞೆ ತಪ್ಪಬಹುದು.

ಯಾವ ಗ್ಯಾಸೇ ಇರಲಿ, ಬಲೂನುಗಳನ್ನು ಆಕಾಶಕ್ಕೆ ಬಿಡುವುದನ್ನು ನಾನಂತೂ ಕೈಬಿಡುತ್ತೇನೆ. 1986ರ ಸೆಪ್ಟೆಂಬರ್ 27ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ದಾಖಲೆಗೆಂದು ಸುಮಾರು 15 ಲಕ್ಷ ಹೀಲಿಯಂ ಬಲೂನು ಬಿಟ್ಟರು. ಮಳೆಗಾಳಿ ಬಂದು ಅವೆಲ್ಲ ಊರಿಗೂ ಈರಿ ಸರೋವರಕ್ಕೂ ವಾಪಸು ಬಿದ್ದವು. ವಿಮಾನ ನಿಲ್ದಾಣದ ಓಡುದಾರಿ ಮುಚ್ಚಬೇಕಾಯಿತು. ಸರೋವರದಲ್ಲಿ ಕಾಣೆಯಾದ ಇಬ್ಬರು ಮೀನುಗಾರರನ್ನು ಹುಡುಕುತ್ತಿದ್ದವರಿಗೆ ನೀರಿನ ಮೇಲೆ ತಲೆ ಯಾವುದು, ಬಲೂನು ಯಾವುದು ಎಂದು ತಿಳಿಯಲಿಲ್ಲ. ಇಬ್ಬರೂ ಹೆಣವಾಗಿ ಸಿಕ್ಕರು. ನಿಮ್ಮ ಐನೂರು ಬಲೂನು ಬೀಳುವುದು ಯಾರದೋ ಹೊಲದಲ್ಲಿ, ಮೇಯುವ ದನದ ಬಾಯಿಗೆ. ಹೊಳೆಯುವ ಲೋಹದ ಪದರದ ಬಲೂನಾದರೆ ವಿದ್ಯುತ್ ತಂತಿಗೆ ತಾಗಿ ಶಾರ್ಟ್ ಆಗುತ್ತದೆ. ಬದಲಿಗೆ ದೀಪ ಹಚ್ಚಿದ ಕಾಗದದ ಬುಟ್ಟಿ ಹಾರಿಸೋಣ ಎಂದು ಯಾರಾದರೂ ಹೇಳುತ್ತಾರೆ, ಒಪ್ಪಬೇಡಿ. ಜನವರಿಯಲ್ಲಿ ಸುತ್ತಲ ಹಳ್ಳಿಗಳಲ್ಲಿ ಹುಲ್ಲಿನ ಬಣವೆಗಳಿರುತ್ತವೆ.

ಮಕ್ಕಳಿಗೆ ಬೇಕಾದದ್ದು ಕೊನೆಯ ಕ್ಷಣದ ಹೋ ಎನ್ನುವ ಸಂಭ್ರಮ. ಪಂಪಿನಿಂದ ಬರೀ ಗಾಳಿ ತುಂಬಿದ ಐನೂರು ಬಲೂನುಗಳನ್ನು ಬಲೆಯಲ್ಲಿ ಕಟ್ಟಿ ವೇದಿಕೆಯ ಮೇಲೆ ತೂಗಿ, ರೂಪಕ ಮುಗಿದಾಗ ಹಗ್ಗ ಎಳೆಯಿರಿ. ಮೇಲೆ ಹೋಗುವುದರ ಬದಲು ಮೈಮೇಲೆ ಸುರಿಯುತ್ತವೆ, ಸದ್ದೂ ಜೋರಾಗಿರುತ್ತದೆ, ಖರ್ಚು ಬಲು ಕಡಿಮೆ. ಒಡೆದ ಚೂರುಗಳನ್ನು ಮಾತ್ರ ಕೂಡಲೇ ಗುಡಿಸಿ, ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಏನಾದರೂ ನಿಜವಾಗಿ ಹಾರಲೇಬೇಕು ಎಂದಾದರೆ ಸೂರ್ಯನನ್ನೇ ಕರೆಯಿರಿ. ತೀರ ತೆಳುವಾದ ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಕೊಳವೆ ಮಾಡಿ, ಗಾಳಿ ತುಂಬಿಸಿ ಬಾಯಿ ಕಟ್ಟಿ ಬಿಸಿಲಿಗೆ ಮಲಗಿಸಿದರೆ ಕೆಲವು ನಿಮಿಷಗಳಲ್ಲಿ ಒಳಗಿನ ಗಾಳಿ ಬಿಸಿಯಾಗಿ ಅದು ತಾನಾಗಿ ಏಳುತ್ತದೆ. ಗ್ಯಾಸು ಬೇಡ, ಬೆಂಕಿ ಬೇಡ. ಜನವರಿಯ ತಂಪು ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹವೆ, ಸಂಜೆಯ ಕಾರ್ಯಕ್ರಮಕ್ಕೆ ಆಗಿಬರದು. ಆದ್ದರಿಂದ ವಾರ್ಷಿಕೋತ್ಸವದ ದಿನ ಬೆಳಿಗ್ಗೆಯೇ ಮಾಡಿ. ಹಿಂದಿನ ಭಾನುವಾರ ಒಮ್ಮೆ ಹಾರಿಸಿ ನೋಡಿ, ಹಾಳೆ ದಪ್ಪವಾಗಿದ್ದರೆ ಏಳುವುದಿಲ್ಲ.

ರೂಪಕಕ್ಕೂ ಒಂದು ದೃಶ್ಯ ಕೊಡುತ್ತೇನೆ. 1783ರ ಆಗಸ್ಟ್ 27ರಂದು ಜಾಕ್ ಚಾರ್ಲ್ಸ್ ಎಂಬಾತ ಕಬ್ಬಿಣದ ಚೂರಿಗೆ ಗಂಧಕಾಮ್ಲ ಸುರಿದು ದಿನಗಟ್ಟಲೆ ಹೈಡ್ರೋಜನ್ ತುಂಬಿಸಿ ಪ್ಯಾರಿಸ್ಸಿನಿಂದ ಬಲೂನು ಬಿಟ್ಟ. ಮುಕ್ಕಾಲು ಗಂಟೆ ಹಾರಿ ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿದ ಅದನ್ನು ರೈತರು ಭೂತವೆಂದು ಕವೆಗೋಲಿನಿಂದ ಇರಿದು ಹರಿದರು. ಹತ್ತು ವರ್ಷದ ಮಕ್ಕಳು ಇದನ್ನು ಎಷ್ಟು ಹುರುಪಿನಿಂದ ಆಡುತ್ತಾರೆಂದು ಹೇಳಬೇಕಿಲ್ಲ. ಕವೆಗೋಲು ರಟ್ಟಿನದಿರಲಿ.

ಸೂರ್ಯನ ಬಲೂನಿನ ಬಗ್ಗೆ ಒಂದಿಷ್ಟು ಎಚ್ಚರಿಕೆ ಹೇಳಿಬಿಡುತ್ತೇನೆ. ಮೈದಾನದ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಹಾರಿಸಬೇಡಿ. ಗಾಳಿ ಎದ್ದರೆ ಇಳಿಸಿಬಿಡಿ. ಹಾಳೆ ಪುಟ್ಟ ಮಕ್ಕಳ ಕೈಗೆ ಸಿಗದಿರಲಿ, ಮುಖಕ್ಕೆ ಸುತ್ತಿಕೊಂಡರೆ ಉಸಿರು ಕಟ್ಟುತ್ತದೆ. ಒಣಗಿದ ಹತ್ತಿಯ ದಾರವನ್ನೇ ಕಟ್ಟಿ, ಲೋಹದ ಎಳೆಯಿರುವ ಅಲಂಕಾರದ ದಾರ ಬೇಡ. ದಾರದ ತುದಿಯನ್ನು ಇಬ್ಬರು ಶಿಕ್ಷಕರು ಹಿಡಿದಿರಲಿ, ನಡುವೆ ಹಿಡಿಯುವ ಮಕ್ಕಳಿಗೆ ಕೈಗವಸು ಕೊಡಿ. ಅದು ಎಳೆಯುವ ಬಲ ಕಡಿಮೆಯಾದರೂ ಜಾರಿದ ದಾರ ಎಳೆಯ ಅಂಗೈಯನ್ನು ಕೊಯ್ಯುತ್ತದೆ.